ಹಳೆ ಗುಜರಿಯಿಂದ ಹೊಸ ರೈಲು ಗಾಲಿ
ಹಿಂದೂಪುರ: ಇಲ್ಲಿಂದ ಬೆಂಗಳೂರಿಗೆ ಹೋಗುವ ರೈಲು ಹಾದುಹೋಗುವ ಯಲಹಂಕದಲ್ಲೇ ರೈಲು ಗಾಲಿಗಳು ತಯಾರಾಗುತ್ತವೆ. ಜನ ಇಂದಿಗೂ 'ವೀಲ್ ಅಂಡ್ ಆಕ್ಸಲ್' ಎನ್ನುವ ರೈಲು ಗಾಲಿ ಕಾರ್ಖಾನೆ 1984ರಲ್ಲಿ ಆರಂಭವಾಯಿತು. ಅದಕ್ಕೂ ಮುಂಚೆ ದೇಶಕ್ಕೆ ಬೇಕಾದ ಗಾಲಿಗಳಲ್ಲಿ ದೊಡ್ಡ ಪಾಲು ವಿದೇಶದಿಂದ ಬರುತ್ತಿತ್ತು.

ಸವೆದ ಗಾಲಿ, ಆಕ್ಸಲ್‌ಗಳಂಥ ರೈಲ್ವೆ ಗುಜರಿಯನ್ನು ಇಲ್ಲಿ ವಿದ್ಯುತ್ ಕುಲುಮೆಯಲ್ಲಿ ಕರಗಿಸುತ್ತಾರೆ. ಕರಗಿದ ಉಕ್ಕನ್ನು ಗಾಳಿಯ ಒತ್ತಡದಿಂದ ಗ್ರಾಫೈಟ್ ಅಚ್ಚಿನೊಳಕ್ಕೆ ಕೆಳಗಿನಿಂದ ಮೇಲೇರಿಸುತ್ತಾರೆ. ಮೇಲಿನಿಂದ ಸುರಿದರೆ ಗುಳ್ಳೆ, ಕಸ ಒಳಗೆ ಸೇರಬಹುದು. ಅಂಥ ಗಾಲಿ ಓಡುವಾಗ ಬಿರುಕು ಬಿಟ್ಟರೆ ರೈಲು ಹಳಿ ತಪ್ಪೀತು. ಹಾಗಾಗಿಯೇ ಗಾಲಿಗಳಿಗೆ ಶ್ರವಣಾತೀತ ತರಂಗಗಳ ಪರೀಕ್ಷೆಯೂ ಉಂಟು.

ಫಿಟ್ಟರ್, ಮೆಷಿನಿಸ್ಟ್, ಎಲೆಕ್ಟ್ರಿಷಿಯನ್ ಮುಂತಾದ ಐಟಿಐ ಮುಗಿಸಿದವರನ್ನು ಕಾರ್ಖಾನೆ ಅಪ್ರೆಂಟಿಸ್‌ಗಳಾಗಿ ತೆಗೆದುಕೊಳ್ಳುತ್ತದೆ. ಹಿಂದೂಪುರ, ಕಲ್ಯಾಣದುರ್ಗ ಕಡೆಯ ಐಟಿಐ ವಿದ್ಯಾರ್ಥಿಗಳು ಅದರ ಪ್ರಕಟಣೆಗಳತ್ತ ಗಮನವಿಡುವುದು ಒಳ್ಳೆಯದು.