ನಿಕೋಟಿನ್ ಇಳಿದರೆ ಹೊಗೆಯ ವಿಷ ಇಳಿಯುತ್ತದೆಯೇ?

ಪ್ರಶ್ನೆ: ನಿಕೋಟಿನ್ ಕಡಿಮೆಯ ಸಿಗರೇಟು ಬಂದಿದೆಯಂತೆ. ಮೂಡುಬಿದಿರೆಯ ಮನೆಮನೆಗಳಲ್ಲಿ ಕಟ್ಟುವ ಬೀಡಿಯನ್ನೂ ಹಾಗೆ ಮಾಡಿದರೆ ಸೇದುವವರಿಗೆ ಅಪಾಯ ತಪ್ಪೀತೇ?

ಉತ್ತರ: ತಪ್ಪದು. ನಿಕೋಟಿನ್ ಚಟ ಹಿಡಿಸುತ್ತದೆ. ಆದರೆ ಟಾರು, ಬೆಂಜೀನ್, ಕಾರ್ಬನ್ ಮಾನಾಕ್ಸೈಡ್ ಹುಟ್ಟುವುದು ಎಲೆ ಉರಿಯುವುದರಿಂದ. ಇವನ್ನು ಅಳೆಯಲು ಪ್ರಯೋಗಾಲಯದ ಯಂತ್ರ ಸಿಗರೇಟಿನಿಂದ ನಿಮಿಷಕ್ಕೊಮ್ಮೆ, ಎರಡು ಸೆಕೆಂಡು, 35 ಮಿಲಿಲೀಟರ್ ಹೊಗೆ ಎಳೆಯುತ್ತದೆ. ಗಾಜಿನ ನಾರಿನ ಬಿಳಿ ಬಿಲ್ಲೆಯ ಮೇಲೆ ಟಾರಿನ ಕಂದು ಜಿಡ್ಡು ಕೂರುತ್ತದೆ, ಅನಿಲ ಚೀಲ ಸೇರುತ್ತದೆ. ಎರಡನ್ನೂ ಬೇರೆಬೇರೆಯಾಗಿ ಅಳೆಯುತ್ತಾರೆ. ನಿಕೋಟಿನ್ ಇಳಿಸಿದ ಸಿಗರೇಟಿನಲ್ಲೂ ಆ ಜಿಡ್ಡು ಕೂತೇ ಕೂರುತ್ತದೆ. ಬೀಡಿಯದು ಇನ್ನೂ ಕಷ್ಟದ ಲೆಕ್ಕ. ಅದರಲ್ಲಿ ಸುಮಾರು 0.2 ಗ್ರಾಂ ತಂಬಾಕು, ಸಿಗರೇಟಿಗಿಂತ ತೀರಾ ಕಡಿಮೆ. ಆದರೆ ಸುತ್ತಿದ ತೂಪರೆ ಎಲೆಯಲ್ಲಿ ಗಾಳಿಯಾಡದು, ನಿಮಿಷ ಬಿಟ್ಟರೆ ಆರಿಹೋಗುತ್ತದೆ. ಹಾಗಾಗಿ ಸೇದುವವರು ಬೇಗಬೇಗ, ಜೋರಾಗಿ ಎಳೆಯುತ್ತಾರೆ. ಯಂತ್ರವೂ ಹಾಗೆಯೇ ಎಳೆಯಬೇಕು. ಹೀಗೆ ಅಳೆದ ಅಧ್ಯಯನಗಳಲ್ಲಿ ಬೀಡಿಯ ಟಾರು ಸಿಗರೇಟಿನದನ್ನೂ ಮೀರಿದೆ.

ನಿಕೋಟಿನ್ ಇಳಿದರೆ ಜನ ಸೇದುವುದನ್ನೇ ಬಿಡುವುದಿಲ್ಲವೇ ಎಂದು ಕೇಳಬಹುದು. ನ್ಯಾಯವಾದ ಮಾತು. 2015ರಲ್ಲಿ ಪ್ರಕಟವಾದ ಅಮೆರಿಕದ ಆರು ವಾರಗಳ ಪರೀಕ್ಷೆಯಲ್ಲಿ ಅಂಥ ಸಿಗರೇಟು ಪಡೆದವರು ದಿನಕ್ಕೆ ಕಡಿಮೆ ಸೇದಿದರು. ಗ್ರಾಂ ತಂಬಾಕಿಗೆ 0.7 ಮಿಲಿಗ್ರಾಂ ನಿಕೋಟಿನ್ ಮೀರಬಾರದೆಂದು ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ 2025ರ ಜನವರಿಯಲ್ಲಿ ಪ್ರಸ್ತಾವ ಇಟ್ಟದ್ದೂ ಇದೇ ಆಸೆಯಿಂದ. ಲಾಭವಿರುವುದು ಬಿಡುವುದರಲ್ಲಿ, ಆ ಹೊಗೆಯಲ್ಲಲ್ಲ. ‘ಕಡಿಮೆ ನಿಕೋಟಿನ್’ ಎಂಬ ಚೀಟಿ ನೋಡಿ ನಿಶ್ಚಿಂತೆಯಿಂದ ಸೇದುವವರ ಪುಪ್ಪುಸಕ್ಕೆ ಇಳಿಯುವುದು ಅದೇ ಜಿಡ್ಡು.