ಹಾಯಿದೋಣಿಗೆ ವಿದ್ಯುತ್ ವಿಂಡ್‌ಲಾಸ್: ಮೋಟಾರಿಗಿಂತ ತಂತಿಯದೇ ಚಿಂತೆ

ಗ್ರೀಸ್‌ನ ದ್ವೀಪಗಳ ನಡುವೆ ಬೇಸಿಗೆ ಕಳೆಯುವ ಸಣ್ಣ ಹಾಯಿದೋಣಿಗಳಿಗೆ ರಾತ್ರಿ ತಂಗಲು ಬಂದರೇ ಬೇಕೆಂದಿಲ್ಲ. ಗಾಳಿಯಿಂದ ಮರೆಯಾದ ಕೊಲ್ಲಿಯೊಂದನ್ನು ಹುಡುಕಿ ಲಂಗರು ಇಳಿಸಿದರೆ ಸಾಕು. ಆದರೆ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಏಜಿಯನ್ ಸಮುದ್ರದ ಮೇಲೆ ಉತ್ತರದಿಂದ ಬೀಸುವ ‘ಮೆಲ್ಟೆಮಿ’ ಗಾಳಿ ಬಲಗೊಂಡು, ನಡುರಾತ್ರಿಯಲ್ಲಿ ಲಂಗರು ತಳದ ಹಿಡಿತ ಬಿಟ್ಟರೆ ಕಥೆಯೇ ಬೇರೆ. ಬಂಡೆಗಳತ್ತ ಸರಿಯುತ್ತಿರುವ ದೋಣಿಯನ್ನು ಉಳಿಸಲು ಲಂಗರನ್ನು ಕೂಡಲೇ ಮೇಲೆತ್ತಿ, ಬೇರೆಡೆ ಮತ್ತೆ ಇಳಿಸಬೇಕು. ಇಂತಹ ದೋಣಿಗಳಲ್ಲಿ ಸಾಮಾನ್ಯವಾಗಿ ಇರುವವರು ಇಬ್ಬರೇ. ಅನೇಕ ವೇಳೆ ಅವರು ನಿವೃತ್ತ ದಂಪತಿ.

ಎತ್ತಬೇಕಾದ ಭಾರವೆಷ್ಟು? ಸುಮಾರು 10 ಮೀಟರ್ ಉದ್ದದ ದೋಣಿಯೊಂದನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದರ ಲಂಗರು 15 ಕಿಲೋ. 8 ಮಿ.ಮೀ. ದಪ್ಪದ ಉಕ್ಕಿನ ಸರಪಳಿ ಪ್ರತಿ ಮೀಟರಿಗೆ ಸುಮಾರು ಒಂದೂವರೆ ಕಿಲೋ ತೂಗುತ್ತದೆ. ಸರಪಳಿಯ ಎಳೆತ ಲಂಗರಿನ ಮೇಲೆ ಆದಷ್ಟೂ ಅಡ್ಡಲಾಗಿ ಬೀಳಬೇಕಾದ್ದರಿಂದ ನೀರಿನ ಆಳದ ನಾಲ್ಕೈದು ಪಟ್ಟು ಸರಪಳಿ ಬಿಡುವುದು ರೂಢಿ. 10 ಮೀಟರ್ ಆಳವಿದ್ದಲ್ಲಿ 50 ಮೀಟರ್ ಹೊರಗಿರುತ್ತದೆ. ಕೊನೆಯ ಹಂತದಲ್ಲಿ ನೇರವಾಗಿ ತೂಗುವ ಸರಪಳಿ ಮತ್ತು ಲಂಗರು ಸೇರಿ 30 ಕಿಲೋ ಸಮೀಪಿಸುತ್ತವೆ. ಬಾವಿಯಿಂದ ಎರಡು ಕೊಡ ನೀರನ್ನು ಒಂದೇ ಹಗ್ಗದಲ್ಲಿ ಸೇದಿದಂತೆ. ಬಾವಿಕಟ್ಟೆಯಾದರೋ ಕಾಲ ಕೆಳಗೆ ಹೊಯ್ದಾಡುವುದಿಲ್ಲ!

ಈ ಶ್ರಮವನ್ನು ತಪ್ಪಿಸುವ ಯಂತ್ರವೇ ವಿಂಡ್‌ಲಾಸ್. ಸರಪಳಿಯ ಕೊಂಡಿಗಳು ಕೂರುವಂತೆ ಗುಳಿಗಳಿರುವ ಒಂದು ಗಾಲಿ, ಅದನ್ನು ಗೇರುಗಳ ಮೂಲಕ ತಿರುಗಿಸುವ ಮೋಟಾರು, ಇಷ್ಟೇ ಅದರ ಸಾರ. 1970-80ರ ದಶಕಗಳಲ್ಲಿ ತಯಾರಾದ ಅನೇಕ ಸಣ್ಣ ದೋಣಿಗಳಲ್ಲಿ ಇದಿರಲಿಲ್ಲ. ಅಂತಹವನ್ನು ಕೊಂಡವರು ಈಗ ತಾವೇ ಅಳವಡಿಸಲು ಮುಂದಾಗುತ್ತಾರೆ.

ವಿಂಡ್‌ಲಾಸ್‌ಗಳಲ್ಲಿ ಎರಡು ಬಗೆ. ಒಂದರಲ್ಲಿ ಇಡೀ ಯಂತ್ರ ಡೆಕ್‌ನ ಮೇಲೆಯೇ ಕೂರುತ್ತದೆ. ಅಳವಡಿಕೆ ಸುಲಭ, ಆದರೆ ಸರಪಳಿ ಗಾಲಿಯನ್ನು ಕಾಲು ಸುತ್ತಿನಷ್ಟು ಮಾತ್ರ ತಬ್ಬಿಕೊಂಡಿರುತ್ತದೆ. ಇನ್ನೊಂದರಲ್ಲಿ ಗಾಲಿ ಮೇಲೆ, ಮೋಟಾರು ಡೆಕ್‌ನ ಕೆಳಗೆ. ಇಲ್ಲಿ ಸರಪಳಿ ಅರ್ಧ ಸುತ್ತು ಹಿಡಿದಿರುವುದರಿಂದ ಜಾರುವ ಭಯ ಕಡಿಮೆ. ಆದರೆ ಕೆಳಗಿನ ಸರಪಳಿಗೂಡಿನಲ್ಲಿ ಮೋಟಾರು ಜಾಗ ಕಬಳಿಸುತ್ತದೆ. ಸರಪಳಿ ತನ್ನ ಭಾರದಿಂದಲೇ ಕೆಳಗೆ ಬಿದ್ದು ರಾಶಿಯಾಗಲು ಕನಿಷ್ಠ 30 ಸೆಂ.ಮೀ.ನಷ್ಟಾದರೂ ತೆರಪು ಉಳಿಯಬೇಕು. ಇಲ್ಲವಾದರೆ ಅದು ಬಾಯಿಯವರೆಗೆ ತುಂಬಿಕೊಂಡು ಗಾಲಿಯನ್ನೇ ಕಚ್ಚಿಹಿಡಿಯುತ್ತದೆ. ಸಣ್ಣ ದೋಣಿಯ ಕಿರಿದಾದ ಮೂತಿಯಲ್ಲಿ ಈ ಒಂದೇ ಅಳತೆ ಆಯ್ಕೆಯನ್ನು ನಿರ್ಧರಿಸುವುದೂ ಉಂಟು.

ಗಾಲಿಗೂ ಸರಪಳಿಗೂ ಹೊಂದಾಣಿಕೆ ಇರಬೇಕೆಂಬುದು ಹೊಸಬರ ಗಮನಕ್ಕೆ ಬಾರದ ಸಂಗತಿ. 10 ಮಿ.ಮೀ. ಸರಪಳಿ ಎಂದಷ್ಟೇ ಹೇಳಿದರೆ ಸಾಲದು. ಜರ್ಮನಿಯ ಡಿಐಎನ್ 766 ಮಾನದಂಡದಲ್ಲಿ ಅದರ ಕೊಂಡಿಯ ಒಳ ಉದ್ದ 28 ಮಿ.ಮೀ., ಐಎಸ್‌ಒ 4565 ಮಾನದಂಡದಲ್ಲಿ 30 ಮಿ.ಮೀ. ಕೊಂಡಿಯೊಂದಕ್ಕೆ ಎರಡು ಮಿ.ಮೀ. ವ್ಯತ್ಯಾಸವಾದರೂ ಸಾಕು, ಭಾರ ಬಿದ್ದಾಗ ಸರಪಳಿ ಗುಳಿಗಳಿಂದ ಹಾರಿ ಸಡಸಡನೆ ಸಮುದ್ರ ಸೇರುತ್ತದೆ.

ಯಂತ್ರ ಕೂರುವ ಡೆಕ್ ಕೂಡ ಗಟ್ಟಿಯಾಗಿರಬೇಕು. ಫೈಬರ್‌ಗ್ಲಾಸ್ ದೋಣಿಗಳ ಡೆಕ್‌ನಲ್ಲಿ ಎರಡು ಪದರಗಳ ನಡುವೆ ಹಗುರವಾದ ಬಾಲ್ಸಾ ಮರವಿರುವುದು ಸಾಮಾನ್ಯ. ಅದಕ್ಕೆ ನೇರವಾಗಿ ತೂತು ಕೊರೆದು ಬೋಲ್ಟು ಬಿಗಿದರೆ ಇಂದಲ್ಲ ನಾಳೆ ನೀರಿಳಿದು ಮರ ಕೊಳೆಯುತ್ತದೆ. ಆದ್ದರಿಂದ ಮೊದಲು ದೊಡ್ಡ ತೂತು ಕೊರೆದು, ಎಪಾಕ್ಸಿ ತುಂಬಿ, ಅದು ಗಟ್ಟಿಯಾದ ನಂತರ ಅದರ ನಡುವೆ ಬೋಲ್ಟಿನ ತೂತು ಕೊರೆಯುವುದು ಸರಿಯಾದ ಕ್ರಮ. ಡೆಕ್‌ನ ಅಡಿಯಲ್ಲಿ ಅಗಲವಾದ ಆಧಾರಫಲಕ ಇರಲೇಬೇಕು.

ತಂತಿಯ ಲೆಕ್ಕಾಚಾರ

ನಿಜವಾದ ತಲೆನೋವು ಶುರುವಾಗುವುದು ವಿದ್ಯುತ್ತಿನಲ್ಲಿ. ಮನೆಯ 1000 ವಾಟ್ ಇಸ್ತ್ರಿಪೆಟ್ಟಿಗೆ 230 ವೋಲ್ಟ್‌ನಲ್ಲಿ ನಾಲ್ಕು ಆಂಪಿಯರ್‌ಗಿಂತ ಸ್ವಲ್ಪ ಹೆಚ್ಚು ಎಳೆಯುತ್ತದೆ. ಅದೇ 1000 ವಾಟ್ ಮೋಟಾರು ದೋಣಿಯ 12 ವೋಲ್ಟ್ ಬ್ಯಾಟರಿಯಿಂದ ಎಳೆಯುವುದು 80 ಆಂಪಿಯರ್‌ಗೂ ಹೆಚ್ಚು. ಬ್ಯಾಟರಿ ಇರುವುದು ದೋಣಿಯ ಹಿಂಭಾಗದಲ್ಲಿ, ಎಂಜಿನ್ನಿನ ಪಕ್ಕ. ವಿಂಡ್‌ಲಾಸ್ ಇರುವುದು ಮೂತಿಯಲ್ಲಿ. ನಡುವಿನ ಅಂತರ 8 ಮೀಟರ್ ಎಂದುಕೊಂಡರೂ ಹೋಗಿಬರುವ ತಂತಿ 16 ಮೀಟರ್ ಆಗುತ್ತದೆ.

ಇಲ್ಲಿ 10 ಚದರ ಮಿ.ಮೀ.ನ ತಾಮ್ರದ ತಂತಿ ಎಳೆದರೆ, 80 ಆಂಪಿಯರ್ ಹರಿಯುವಾಗ ದಾರಿಯಲ್ಲೇ ಸುಮಾರು 2.2 ವೋಲ್ಟ್ ಸೋರಿಹೋಗುತ್ತದೆ. ಮೋಟಾರಿಗೆ ತಲುಪುವುದು 10 ವೋಲ್ಟ್‌ಗಿಂತ ಕಡಿಮೆ. ಕಳೆದುಹೋದದ್ದು ಸುಮಾರು 180 ವಾಟ್ ಶಾಖವಾಗಿ, ಅಂದರೆ 60 ವಾಟಿನ ಮೂರು ಹಳೆಯ ಬಲ್ಬುಗಳಷ್ಟು, ಮಲಗುವ ಕೋಣೆಯ ಗೋಡೆಯ ಹಿಂದೆ ತಂತಿಯನ್ನು ಕಾಯಿಸುತ್ತಿರುತ್ತದೆ. ವೋಲ್ಟೇಜ್ ಇಳಿದಾಗ ಪಂಪ್‌ಸೆಟ್ ಸುಟ್ಟುಕೊಂಡ ಅನುಭವವಿರುವ ನಮ್ಮ ರೈತರಿಗೆ ಮುಂದಿನದನ್ನು ವಿವರಿಸಬೇಕಾಗಿಲ್ಲ: ಮೋಟಾರು ನಿಧಾನವಾಗುತ್ತದೆ, ಹೆಚ್ಚು ಹೊತ್ತು ದುಡಿಯುತ್ತದೆ, ಕಾವೇರುತ್ತದೆ. 35 ಚದರ ಮಿ.ಮೀ. ತಂತಿ ಹಾಕಿದರೆ ನಷ್ಟ 0.64 ವೋಲ್ಟ್‌ಗೆ ಇಳಿಯುತ್ತದೆ. ತಂತಿ ದುಬಾರಿ, ಬಾಗಿಸುವುದೂ ಕಷ್ಟ. ಆದರೂ ಹಣ ಉಳಿಸಬಾರದ ಜಾಗ ಇದೇ.

ಮೂತಿಯಲ್ಲೇ ಇನ್ನೊಂದು ಬ್ಯಾಟರಿ ಇಟ್ಟರಾಗದೇ ಎಂಬ ಪ್ರಶ್ನೆ ಸಹಜ. ಇಡಬಹುದು, ಕೆಲವರು ಇಡುತ್ತಾರೆ ಕೂಡ. ಆದರೆ ಸರಪಳಿಯಿಂದ ಮೊದಲೇ ಭಾರವಾದ ಮೂತಿಗೆ ಇನ್ನಷ್ಟು ತೂಕ ಸೇರಿದರೆ ದೋಣಿ ಅಲೆಗಳಲ್ಲಿ ಮೂಗು ಮುಳುಗಿಸುತ್ತದೆ. ಆ ಬ್ಯಾಟರಿಯನ್ನು ಚಾರ್ಜ್ ಮಾಡಲು ಹೇಗಿದ್ದರೂ ತಂತಿ ಬೇಕೇ ಬೇಕು. ಅಂದಹಾಗೆ, ಬ್ಯಾಟರಿ ಬರಿದಾಗುವ ಭಯ ಅತಿರೇಕದ್ದು. 80 ಆಂಪಿಯರ್‌ನಲ್ಲಿ ಐದು ನಿಮಿಷ ಓಡಿದರೂ ಖರ್ಚಾಗುವುದು 7 ಆಂಪಿಯರ್-ಅವರ್‌ಗಿಂತ ಕಡಿಮೆ. ಎಂಜಿನ್ ಚಾಲನೆಯಲ್ಲಿಟ್ಟೇ ಲಂಗರು ಎತ್ತುವುದು ವಾಡಿಕೆಯಾದ್ದರಿಂದ ಅದೂ ಬೇಗ ತುಂಬಿಕೊಳ್ಳುತ್ತದೆ.

ತಂತಿಯ ಆರಂಭದಲ್ಲಿ, ಬ್ಯಾಟರಿಗೆ ಆದಷ್ಟು ಹತ್ತಿರ, ತಯಾರಕರು ಸೂಚಿಸಿದ ಸರ್ಕ್ಯೂಟ್ ಬ್ರೇಕರ್ ಇರಬೇಕು. ಕಾಲಿನಿಂದ ಅಥವಾ ಕೈಯಿಂದ ಒತ್ತುವ ಗುಂಡಿಯಲ್ಲಿ ಹರಿಯುವುದು ಅಲ್ಪ ವಿದ್ಯುತ್ ಮಾತ್ರ. ಅದು ರಿಲೇ ಪೆಟ್ಟಿಗೆಗೆ ಆಜ್ಞೆ ಕೊಡುತ್ತದೆ, ದೊಡ್ಡ ಪ್ರವಾಹವನ್ನು ರಿಲೇ ಬದಲಾಯಿಸುತ್ತದೆ. ಕೆಲಸವಿಲ್ಲದಾಗ ಮುಖ್ಯ ಸ್ವಿಚ್ ಆರಿಸಿಡಬೇಕು. ಸಿಕ್ಕಿಕೊಂಡ ಸರಪಳಿಯನ್ನು ಬೆರಳಿನಿಂದ ಬಿಡಿಸುವಾಗ ಯಾರಾದರೂ ಗುಂಡಿ ತುಳಿದರೆ ಬೆರಳು ಉಳಿಯುವುದಿಲ್ಲ.

ಯಂತ್ರ ಬಂದ ಮೇಲೆ ಅದರಿಂದ ದೋಣಿಯನ್ನೇ ಎಳೆಸುವುದು ಸಾಮಾನ್ಯ ತಪ್ಪು. ದೋಣಿಯನ್ನು ಲಂಗರಿನತ್ತ ಒಯ್ಯುವುದು ಎಂಜಿನ್ನಿನ ಕೆಲಸ, ಸಡಿಲವಾದ ಸರಪಳಿಯನ್ನು ಒಳಗೆಳೆದುಕೊಳ್ಳುವುದಷ್ಟೇ ವಿಂಡ್‌ಲಾಸ್‌ನದು. ಲಂಗರು ಹಾಕಿ ನಿಂತಾಗ ಗಾಳಿಯ ಜಗ್ಗಾಟವನ್ನೂ ಅದರ ಮೇಲೆ ಬಿಡುವಂತಿಲ್ಲ. ಸರಪಳಿಗೆ ನೈಲಾನ್ ಹಗ್ಗವೊಂದನ್ನು ಕೊಕ್ಕೆ ಹಾಕಿ ಡೆಕ್‌ನ ಗಟ್ಟಿ ಗೂಟಕ್ಕೆ ಕಟ್ಟಿದರೆ, ಹಿಗ್ಗುವ ಹಗ್ಗ ಪ್ರತಿ ಅಲೆಯ ಹೊಡೆತವನ್ನೂ ನುಂಗಿಕೊಳ್ಳುತ್ತದೆ.

ಉಳಿದದ್ದು ಸರಪಳಿಯ ಒಳತುದಿ. ಅದನ್ನು ಕಬ್ಬಿಣದ ಕೊಂಡಿಯಿಂದ ದೋಣಿಗೆ ಬಿಗಿಯದೆ, ಡೆಕ್‌ನ ಮೇಲಕ್ಕೆ ಬರುವಷ್ಟು ಉದ್ದದ ಗಟ್ಟಿ ಹಗ್ಗದಿಂದ ಕಟ್ಟುತ್ತಾರೆ. ಲಂಗರು ಬಂಡೆಯಡಿ ಸಿಲುಕಿ ಯಂತ್ರವೂ ಕೈಕೊಟ್ಟ ಬಿರುಗಾಳಿಯ ರಾತ್ರಿಯಲ್ಲಿ, ಆ ಹಗ್ಗವನ್ನು ಚಾಕುವಿನಿಂದ ಕತ್ತರಿಸಿ ಪಾರಾಗಬಹುದು.