ಹಾಸ್ಟೆಲ್‌ನಲ್ಲಿ ಓಡುತ್ತೆ, ಇಂದೂರಲ್ಲಿ ಆಫ್ ಆಗುತ್ತೆ: ಒಂದು ಎಸ್‌ಎಂಪಿಎಸ್ ಪತ್ತೇದಾರಿ

ನಮ್ಮ ಬ್ಯಾಚಿನ ಗೆಳೆಯನೊಬ್ಬನ ಊರು ಮುಂಡಗೋಡ ತಾಲೂಕಿನ ಇಂದೂರ. ಕೊನೇ ವರ್ಷದ ಪ್ರಾಜೆಕ್ಟ್ ಅಂತ ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್ ಒಂದನ್ನು ಕೊಂಡು ಮನೆಯಲ್ಲಿಟ್ಟಿದ್ದ. ಗೋವಿನಜೋಳ ಮಾರಿ ಬಂದ ದುಡ್ಡಿನಲ್ಲಿ ಅವರಪ್ಪ ಕೊಡಿಸಿದ್ದು. ರಜೆಯಲ್ಲಿ ಸಿಮ್ಯುಲೇಶನ್ ಓಡಿಸೋಕೆ ಕೂತರೆ ಹತ್ತು ನಿಮಿಷಕ್ಕೆ ಟಕ್ ಅಂತ ಆಫ್. ನೀಲಿ ಪರದೆ ಇಲ್ಲ, ಎರರ್ ಇಲ್ಲ, ಎಚ್ಚರಿಕೆ ಇಲ್ಲ. ಆರು ಗಂಟೆ ಓಡಬೇಕಾದ ಲೆಕ್ಕ ನಾಲ್ಕು ಸಲ ನೀರುಪಾಲಾಯಿತು. ಸಬ್‌ಮಿಶನ್‌ಗೆ ಎಂಟು ದಿನ ಇತ್ತು.

ಒಂದು ಅಂಗಡಿಯಲ್ಲಿ ತೋರಿಸಿದಾಗ "ಮದರ್‌ಬೋರ್ಡ್ ಹೋಗೇತಿ, ಬದಲಿ ಮಾಡಬೇಕು" ಅಂದರಂತೆ. ದುಡ್ಡಿನ ಮಾತು ಕೇಳಿ ಅವನು ಕ್ಯಾಬಿನೆಟ್ಟನ್ನು ಹಳೇ ಸೀರೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆ ಮೇಲಿಟ್ಟುಕೊಂಡು ಸೀದಾ ನಮ್ಮ ಹಾಸ್ಟೆಲ್‌ಗೆ ತಂದ. ನಾವು ಸಿಮ್ಯುಲೇಶನ್ ಹಚ್ಚಿ ಕಾದು ಕೂತೆವು. ಇಡೀ ರಾತ್ರಿ ಓಡಿತು, ಒಂದ್ಸಲವೂ ಆಫ್ ಆಗಲಿಲ್ಲ! ವಾಪಸ್ ಊರಿಗೆ ಒಯ್ದ, ಅವತ್ತೇ ಸಂಜೆ ಮತ್ತೆ ಆಫ್. ಫೋನಿನಲ್ಲಿ ಅವರವ್ವ ನಕ್ಕರು: "ಸಂಜೀಕ ದೀಪ ಹಚ್ಚೋ ಹೊತ್ತಿಗೆ ಇದಕ್ಕ ನಿದ್ದಿ ಬರತೈತಿ ನೋಡ್ರಪಾ."

ಆ ಮಾತಿನಲ್ಲೇ ಅರ್ಧ ಉತ್ತರ ಇತ್ತು. ನಮಗೆ ಅದು ಹೊಳೆಯೋಕೆ ಎರಡು ದಿನ ಹಿಡಿಯಿತು. ಆ ಎರಡು ದಿನ ನಾವು ಮಾಡಿದ್ದನ್ನೆಲ್ಲ ಕ್ರಮವಾಗಿ ಇಲ್ಲಿ ಬರೀತಿದ್ದೀವಿ. ನಾಳೆ ನಿಮ್ಮ ರೂಮಿನ ಪಿಸಿಯೂ ಹೀಗೇ ಕೈ ಕೊಟ್ಟರೆ ಅಂಗಡಿಗೆ ಓಡುವ ಮೊದಲು ಓದಿಕೊಳ್ಳಿ.

ಡಬ್ಬಿಯೊಳಗೆ ಏನು ನಡೀತದೆ?

ಎಸ್‌ಎಂಪಿಎಸ್ ಮಾಡುವ ಕೆಲಸ ಕೇಳೋಕೆ ಸರಳ. ಗೋಡೆಯಿಂದ ಬರುವ 230 ವೋಲ್ಟ್ ಎಸಿಯನ್ನು ಡಯೋಡ್ ಸೇತುವೆ ಡಿಸಿ ಮಾಡುತ್ತದೆ. ಆ ಡಿಸಿ ದಪ್ಪನೆಯ ಕೆಪಾಸಿಟರ್‌ನಲ್ಲಿ ತುಂಬಿಕೊಳ್ಳುತ್ತದೆ. ಅಲ್ಲಿಂದ ಟ್ರಾನ್ಸಿಸ್ಟರ್‌ಗಳು ಅದನ್ನು ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸಿ ಸಣ್ಣ ಟ್ರಾನ್ಸ್‌ಫಾರ್ಮರ್‌ಗೆ ಕೊಡುತ್ತವೆ. ಆಚೆ ಬದಿಯಲ್ಲಿ 12, 5, 3.3 ವೋಲ್ಟ್ ಸಿಗುತ್ತದೆ. ಆ ದಪ್ಪ ಕೆಪಾಸಿಟರನ್ನು ಮನೆ ಮೇಲಿನ ನೀರಿನ ಟ್ಯಾಂಕ್ ಅಂದುಕೊಳ್ಳಿ. ನಲ್ಲಿ ನೀರು ಬಂದು ನಿಂತು ಮಾಡಿದರೂ ಮನೆಯೊಳಗೆ ಧಾರೆ ನಿಲ್ಲಬಾರದು. ಟ್ಯಾಂಕ್ ಇರೋದೇ ಅದಕ್ಕೆ.

ಎಲ್ಲ ವೋಲ್ಟೇಜೂ ಸರಿಯಾಗಿದೆ ಅನಿಸಿದಾಗ ಎಸ್‌ಎಂಪಿಎಸ್ ಬೂದು ಬಣ್ಣದ ತಂತಿಯಲ್ಲಿ ಮದರ್‌ಬೋರ್ಡಿಗೆ 'ಪವರ್ ಗುಡ್' ಅನ್ನೋ ಸಂಕೇತ ಕಳಿಸುತ್ತದೆ. ಅದು ಬಿದ್ದ ಕ್ಷಣ ಬೋರ್ಡ್ ರೀಸೆಟ್ ಆಗುತ್ತದೆ. ಇದರ ಜೊತೆಗೆ ಒಳಗೆ ಕಾವಲುಗಾರರೂ ಇದ್ದಾರೆ. ವೋಲ್ಟೇಜ್ ಹೆಚ್ಚಾದರೆ, ಕಮ್ಮಿಯಾದರೆ, ಕರೆಂಟ್ ಮಿತಿ ಮೀರಿದರೆ, ಶಾರ್ಟ್ ಆದರೆ ಎಸ್‌ಎಂಪಿಎಸ್ ತಾನಾಗಿ ಬಾಗಿಲು ಹಾಕಿಕೊಳ್ಳುತ್ತದೆ. ಅನೇಕ ಮಾಡೆಲ್‌ಗಳಲ್ಲಿ ಬಿಸಿ ಹೆಚ್ಚಾದರೆ ಬಂದ್ ಮಾಡುವ ವ್ಯವಸ್ಥೆಯೂ ಇರುತ್ತದೆ. ಅಂದರೆ ಆಫ್ ಆಗೋದು ಎಷ್ಟೋ ಸಲ ರೋಗ ಅಲ್ಲ, ಲಕ್ಷಣ.

ಮೊದಲ ಪ್ರಶ್ನೆ: ಹೇಗೆ ಆಫ್ ಆಗುತ್ತೆ?

ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಪೆನ್ನು ಹಿಡಿಯಿರಿ. ಯಾವ ಹೊತ್ತಿಗೆ ಆಫ್ ಆಯ್ತು, ಆಗ ಏನು ಓಡ್ತಿತ್ತು, ಮನೆಯಲ್ಲಿ ಬೇರೇನು ಆನ್ ಇತ್ತು ಅಂತ ಬರೆದಿಡಿ.

ಆಫ್ ಆಗಿ ತಾನೇ ಮತ್ತೆ ಆನ್ ಆದರೆ, ಪವರ್ ಗುಡ್ ಸಂಕೇತ ಒಂದು ಕ್ಷಣ ಬಿದ್ದೆದ್ದಿರುವ ಸಾಧ್ಯತೆ ಹೆಚ್ಚು. ಪೂರ್ತಿ ಆಫ್ ಆಗಿ, ಹಿಂದಿನ ಸ್ವಿಚ್ ತೆಗೆದು ಸ್ವಲ್ಪ ಹೊತ್ತು ಬಿಟ್ಟು ಹಾಕಿದರೆ ಮಾತ್ರ ಏಳುತ್ತೆ ಅಂದರೆ, ಎಸ್‌ಎಂಪಿಎಸ್‌ನ ರಕ್ಷಣೆ ಕೆಲಸ ಮಾಡಿ ಲಾಕ್ ಆಗಿದೆ. ಮೊದಲ ಸಲ ಇಪ್ಪತ್ತು ನಿಮಿಷ, ಕೂಡಲೇ ಹಚ್ಚಿದರೆ ಐದು ನಿಮಿಷ, ಮತ್ತೆ ಹಚ್ಚಿದರೆ ಎರಡು ನಿಮಿಷ ಹೀಗೆ ಕಮ್ಮಿಯಾಗುತ್ತಾ ಹೋದರೆ ಬಿಸಿಯ ಮೇಲೆ ಅನುಮಾನ ಪಡಿ. ಗೇಮ್ ಶುರುವಾದ ಕ್ಷಣದಲ್ಲೇ ಬಿದ್ದರೆ ವ್ಯಾಟ್ ಸಾಲುತ್ತಿಲ್ಲ ಅನ್ನೋ ಕಡೆಗೆ ನೋಡಿ.

ವಿಂಡೋಸ್‌ನ ಇವೆಂಟ್ ವ್ಯೂವರ್‌ನಲ್ಲಿ 'ಕರ್ನಲ್-ಪವರ್ 41' ಅಂತ ಕಂಡರೆ "ಓ, ಪವರ್ ಸಪ್ಲೈ ಹೋಯ್ತು" ಅಂತ ತೀರ್ಮಾನ ಮಾಡಬೇಡಿ. ಕಳೆದ ಸಲ ಸರಿಯಾಗಿ ಶಟ್‌ಡೌನ್ ಆಗದೆ ನಿಂತಿತು ಅಂತಷ್ಟೇ ಅದು ಹೇಳೋದು. ನೀವು ಪ್ಲಗ್ ಕಿತ್ತರೂ ಅದೇ ಸಂಖ್ಯೆ ಬರುತ್ತದೆ.

ದುಡ್ಡಿಲ್ಲದ ಪರೀಕ್ಷೆಗಳು

ಮೊದಲು ಬಿಸಿ. ಪ್ರೊಸೆಸರ್ ಮಿತಿ ಮೀರಿ ಕಾದರೆ ತನ್ನನ್ನು ಉಳಿಸಿಕೊಳ್ಳಲು ಇಡೀ ಯಂತ್ರವನ್ನೇ ಆಫ್ ಮಾಡಿಸುತ್ತದೆ, ನೋಡೋಕೆ ಎಸ್‌ಎಂಪಿಎಸ್ ದೋಷದ ಥರಾನೇ ಇರುತ್ತದೆ. ಉಷ್ಣತೆ ತೋರಿಸುವ ಯಾವುದಾದರೂ ಉಚಿತ ತಂತ್ರಾಂಶ ಹಾಕಿ, ಕೆಲಸ ಕೊಟ್ಟು ನೋಡಿ. ನಮ್ಮ ಕೇಸಿನಲ್ಲಿ 70 ಡಿಗ್ರಿ ದಾಟಲಿಲ್ಲ. ಅದು ಆರೋಪಿ ಅಲ್ಲ. ಆದರೂ ಎಸ್‌ಎಂಪಿಎಸ್ ಫ್ಯಾನಿನಲ್ಲಿ ಕೆಂಪು ಧೂಳು ಗಟ್ಟಿ ಕೂತಿತ್ತು, ಬ್ರಷ್ ಹಾಕಿ ತೆಗೆದೆವು.

ಆಮೇಲೆ ವ್ಯಾಟ್ ಲೆಕ್ಕ. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆದಿದ್ದನ್ನು ಬಿಟ್ಟು, ಲೇಬಲ್‌ನಲ್ಲಿ 12 ವೋಲ್ಟಿಗೆ ಎಷ್ಟು ಆಂಪಿಯರ್ ಅಂತ ನೋಡಿ, 12ರಿಂದ ಗುಣಿಸಿ. ಇವತ್ತಿನ ಪಿಸಿಯಲ್ಲಿ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡೂ ಹೆಚ್ಚಾಗಿ 12 ವೋಲ್ಟ್ ಸಾಲಿನಿಂದಲೇ ಉಣ್ಣುತ್ತವೆ. ಗ್ರಾಫಿಕ್ಸ್ ಕಾರ್ಡ್‌ಗಳು ಮಿಲಿಸೆಕೆಂಡುಗಳ ಮಟ್ಟಿಗೆ ತಮ್ಮ ನಮೂದಿತ ವ್ಯಾಟ್‌ಗಿಂತ ಬಹಳ ಹೆಚ್ಚು ಎಳೆಯೋದುಂಟು. ಹಾಗಾಗಿ ಲೆಕ್ಕಕ್ಕೆ ಸರಿಯಾಗಿ ಅಲ್ಲ, ಕೈಬಿಟ್ಟು ಜಾಗ ಇಟ್ಟುಕೊಳ್ಳಬೇಕು. ನಮ್ಮ ಗೆಳೆಯನ ಯಂತ್ರ ಪೂರ್ತಿ ಕೆಲಸದಲ್ಲಿ ಸುಮಾರು 150 ವ್ಯಾಟ್, ಸುಮ್ಮನಿದ್ದಾಗ 60 ವ್ಯಾಟ್. ಎಸ್‌ಎಂಪಿಎಸ್ 450ರದ್ದು. ಇದೂ ಆರೋಪಿ ಅಲ್ಲ.

ಮೂರನೆಯದು ಮಲ್ಟಿಮೀಟರ್. ಡಿಸಿ ವೋಲ್ಟ್‌ಗೆ ಇಟ್ಟು, ಹಳೇ ಹಾರ್ಡ್‌ಡಿಸ್ಕ್‌ಗೆ ಹಾಕುವ ನಾಲ್ಕು ಪಿನ್ನಿನ ಕನೆಕ್ಟರಿನಲ್ಲಿ ಕಪ್ಪು–ಹಳದಿ ನಡುವೆ ಅಳೆಯಿರಿ. 11.4ರಿಂದ 12.6ರ ಒಳಗಿರಬೇಕು. ಕಪ್ಪು–ಕೆಂಪು ನಡುವೆ 4.75ರಿಂದ 5.25. ಅಳೆಯೋದು ಪಿಸಿ ದುಡಿಯುವಾಗ, ಖಾಲಿ ಇದ್ದಾಗ ಅಲ್ಲ. ದೊಡ್ಡ ಕನೆಕ್ಟರಿನ ಹಸಿರು ಮತ್ತು ಕಪ್ಪು ತಂತಿಗೆ ಪೇಪರ್ ಕ್ಲಿಪ್ ಹಾಕಿ "ಫ್ಯಾನ್ ತಿರುಗ್ತು, ಚೆನ್ನಾಗಿದೆ" ಅಂತ ಸರ್ಟಿಫಿಕೇಟ್ ಕೊಡುವವರಿದ್ದಾರೆ. ಅದರಿಂದ ತಿಳಿಯೋದು ಎಸ್‌ಎಂಪಿಎಸ್ ಏಳುತ್ತೆ ಅಂತ ಮಾತ್ರ, ಹೊರೆ ಹೊರುತ್ತೆ ಅಂತ ಅಲ್ಲ.

ನಮ್ಮ ಅಳತೆ 11.9 ಮತ್ತು 5.0 ಬಂತು. ಎಲ್ಲ ಸರಿ! ಆದರೂ ಸಂಜೆ ಆಫ್. ಇಲ್ಲಿ ಒಂದು ಮಾತು ನೆನಪಿಡಿ: ಸಾಮಾನ್ಯ ಮಲ್ಟಿಮೀಟರ್ ಸೆಕೆಂಡಿಗೆ ಕೆಲವೇ ಸಲ ಓದುತ್ತದೆ. ಐದು ಮಿಲಿಸೆಕೆಂಡಿನ ಕುಸಿತ ಅದರ ಕಣ್ಣಿಗೆ ಬೀಳೋದೇ ಇಲ್ಲ.

ಇಂದೂರಿನ ಸಂಜೆ

ಆಗ ಅವನ ಪಟ್ಟಿ ಕೇಳಿದೆವು. ಏಳು ಸಲ ಆಫ್ ಆಗಿದ್ದರಲ್ಲಿ ಆರು ಸಲ ಸಂಜೆ ಆರೂವರೆಯಿಂದ ಒಂಬತ್ತರೊಳಗೆ, ಉಳಿದ ಒಂದು ಬೆಳಗ್ಗೆ ಪಕ್ಕದ ಪಂಪ್ ಹಚ್ಚಿದಾಗ. ಪ್ರತಿ ಸಲವೂ ಸಿಮ್ಯುಲೇಶನ್ ಓಡ್ತಿತ್ತು, ಬರೀ ಟೈಪಿಂಗ್ ಮಾಡುವಾಗ ಒಮ್ಮೆಯೂ ಇಲ್ಲ. ಮೀಟರನ್ನು ಎಸಿ 750ಕ್ಕೆ ಇಟ್ಟು, ತಂತಿಗಳು ವೋಲ್ಟ್ ತೂತಿನಲ್ಲೇ ಇವೆ ಅಂತ ಎರಡು ಸಲ ನೋಡಿಕೊಂಡು ಸಾಕೆಟ್ ಅಳೆ ಅಂದೆವು. ಮಧ್ಯಾಹ್ನ 226, ಸಂಜೆ ಏಳೂವರೆಗೆ 190.

ಇದರಲ್ಲಿ ಯಾರ ಕಳ್ಳತನವೂ ಇಲ್ಲ, ಓಮ್‌ನ ನಿಯಮ ಅಷ್ಟೇ. ಸೂಪಾ, ನಾಗಝರಿ, ಕದ್ರಾ, ಕೊಡಸಳ್ಳಿ ಅಂತ ಕಾಳಿ ನದಿಯ ಮೇಲೇ ಇಷ್ಟು ವಿದ್ಯುದಾಗಾರಗಳಿರುವ ಜಿಲ್ಲೆ ನಮ್ಮದು. ಆದರೆ ತಯಾರಾಗುವ ಜಾಗ ಹತ್ತಿರ ಇದ್ದ ಮಾತ್ರಕ್ಕೆ ಮನೆಗೆ ಬರುವ ವೋಲ್ಟೇಜ್ ಹೆಚ್ಚಾಗಲ್ಲ. ಲೆಕ್ಕಕ್ಕೆ ಬರೋದು ಟ್ರಾನ್ಸ್‌ಫಾರ್ಮರ್‌ನಿಂದ ಮನೆಯವರೆಗಿನ ತಂತಿಯ ಉದ್ದ ಮತ್ತು ಅದರಲ್ಲಿ ಆ ಹೊತ್ತಿಗೆ ಹರಿಯುವ ಕರೆಂಟ್. ಸಾಲಿನ ಕೊನೇ ಮನೆಗೆ ಕೊನೇ ಪಾಲು. ಮೇಲಿಂದ ಪಂಪಿನ ಮೋಟಾರ್ ಶುರುವಾಗುವಾಗ ಓಡುವ ಕರೆಂಟಿನ ಐದಾರು ಪಟ್ಟು ಎಳೆಯುತ್ತದೆ.

ಈಗ ಎರಡನೇ ಸೆಮಿಸ್ಟರಿನ ಸೂತ್ರ ತೆಗೆಯೋಣ. ಕೆಪಾಸಿಟರಿನ ಶಕ್ತಿ ಅಂದರೆ ಅರ್ಧ, ಗುಣಿಸು ಧಾರಕತೆ, ಗುಣಿಸು ವೋಲ್ಟೇಜಿನ ವರ್ಗ. ಅವನ ಎಸ್‌ಎಂಪಿಎಸ್‌ನಲ್ಲಿ 680 ಮೈಕ್ರೊಫ್ಯಾರಡ್‌ನ ಎರಡು ಕೆಪಾಸಿಟರ್ ಸರಣಿಯಲ್ಲಿ, ಒಟ್ಟು 340. ಗೋಡೆಯಲ್ಲಿ 230 ಇದ್ದರೆ ಶಿಖರ 325 ವೋಲ್ಟ್. ಕೆಪಾಸಿಟರ್ 250 ವೋಲ್ಟಿಗಿಂತ ಇಳಿದರೆ ಎಸ್‌ಎಂಪಿಎಸ್ ಕೈ ಚೆಲ್ಲುತ್ತೆ ಅಂತ ಇಟ್ಟುಕೊಳ್ಳೋಣ. ಆಗ ಬಳಸಬಹುದಾದ ಶಕ್ತಿ 7.3 ಜೂಲ್. 150 ವ್ಯಾಟ್ ಎಳೆದರೆ 49 ಮಿಲಿಸೆಕೆಂಡ್ ಬರುತ್ತದೆ. ನಮ್ಮ 50 ಹರ್ಟ್ಸ್‌ನಲ್ಲಿ ಟ್ಯಾಂಕ್ ತುಂಬೋದು ಪ್ರತಿ 10 ಮಿಲಿಸೆಕೆಂಡಿಗೊಮ್ಮೆ. ಅಂದರೆ ಆರಾಮ.

ಅದೇ ಗೋಡೆಯಲ್ಲಿ 190 ಇದ್ದರೆ ಶಿಖರ 269. ಶಕ್ತಿ 1.7 ಜೂಲಿಗೆ ಇಳಿಯಿತು, ಸಮಯ 11 ಮಿಲಿಸೆಕೆಂಡಿಗೆ. ವೋಲ್ಟೇಜ್ ಇಳಿದದ್ದು ಶೇಕಡಾ 17, ಉಸಿರು ಹಿಡಿಯುವ ಸಮಯ ಕಾಲುಭಾಗಕ್ಕಿಂತಲೂ ಕಮ್ಮಿಯಾಯಿತು! ಆದರೂ 10ಕ್ಕಿಂತ ಜಾಸ್ತಿ, ಹೇಗೋ ದಾಟುತ್ತೆ.

ಆದರೆ ಕೆಪಾಸಿಟರ್ ಹಳೇದು. ಎಲೆಕ್ಟ್ರೊಲಿಟಿಕ್ ಕೆಪಾಸಿಟರಿನೊಳಗಿನ ದ್ರವ ಬಿಸಿಗೆ ನಿಧಾನಕ್ಕೆ ಆರುತ್ತಾ ಹೋಗುತ್ತದೆ. ಉಷ್ಣತೆ 10 ಡಿಗ್ರಿ ಏರಿದರೆ ಆಯುಷ್ಯ ಹೆಚ್ಚುಕಮ್ಮಿ ಅರ್ಧ ಅನ್ನೋದು ಈ ಕಸುಬಿನ ಲೆಕ್ಕ. ಹುಬ್ಬಳ್ಳಿಯ ರಿಪೇರಿಯವರೊಬ್ಬರು ಆಮೇಲೆ ಬಿಚ್ಚಿ ಅಳೆದಾಗ 680 ಇರಬೇಕಾದ್ದು ಸುಮಾರು 410 ಉಳಿದಿತ್ತು. ಸರಣಿಯಲ್ಲಿ 205. ಇದನ್ನು ಹಾಕಿ ಲೆಕ್ಕ ಮಾಡಿ: ಹಾಸ್ಟೆಲ್‌ನ 230 ವೋಲ್ಟಿನಲ್ಲಿ 29 ಮಿಲಿಸೆಕೆಂಡ್, ಪಾಸ್. ಇಂದೂರಿನ ಸಂಜೆಯ 190ರಲ್ಲಿ 6.7 ಮಿಲಿಸೆಕೆಂಡ್. ಮುಂದಿನ ಶಿಖರ ಬರುವಷ್ಟರಲ್ಲಿ ಟ್ಯಾಂಕ್ ಖಾಲಿ, ಫೇಲ್. ಬರೀ ಟೈಪಿಂಗ್ ಮಾಡುವಾಗಿನ 60 ವ್ಯಾಟಿಗಾದರೆ ಅದೇ ಸಂಜೆಯೂ 16 ಮಿಲಿಸೆಕೆಂಡಿನ ಮೇಲೆ, ಪಾಸ್.

ಹಳೇ ಕೆಪಾಸಿಟರ್ ಒಂದೇ ಆಗಿದ್ದರೆ ಓಡ್ತಿತ್ತು. ಕಮ್ಮಿ ವೋಲ್ಟೇಜ್ ಒಂದೇ ಆಗಿದ್ದರೂ ಓಡ್ತಿತ್ತು. ಎರಡೂ ಕೂಡಿದಾಗ ಬಿತ್ತು. ಅಂಗಡಿಯವರಿಗೂ ಹಾಸ್ಟೆಲ್‌ನಲ್ಲಿ ನಮಗೂ ದೋಷ ಸಿಗದೇ ಹೋದದ್ದು ಇದಕ್ಕೇ. "ಯುಪಿಎಸ್ ಇದ್ದರೂ ಪಿಸಿ ರೀಸ್ಟಾರ್ಟ್ ಆಗುತ್ತಲ್ಲ" ಅನ್ನೋ ಒಗಟಿಗೂ ಅನೇಕ ಸಲ ಇದೇ ಉತ್ತರ. ಸಾದಾ ಯುಪಿಎಸ್ ಬ್ಯಾಟರಿಗೆ ಬದಲಾಗಲು ಕೆಲವು ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ, ಅಷ್ಟು ಹೊತ್ತು ಉಸಿರು ಹಿಡಿಯುವ ಶಕ್ತಿ ಎಸ್‌ಎಂಪಿಎಸ್‌ಗೆ ಇರಬೇಕು.

ಏನು ಮಾಡಿದೆವು?

ಮದರ್‌ಬೋರ್ಡ್ ಮುಟ್ಟಲಿಲ್ಲ. ಆಕ್ಟಿವ್ ಪವರ್ ಫ್ಯಾಕ್ಟರ್ ಕರೆಕ್ಷನ್ ಇರುವ, ಲೇಬಲ್ ಮೇಲೆ 100–240 ವೋಲ್ಟ್ ಅಂತ ಬರೆದಿರುವ ಎಸ್‌ಎಂಪಿಎಸ್ ಹಾಕಿದೆವು. ಹಳೆಯದರ ಮೇಲೆ 200–240 ಅಂತಿತ್ತು, ಅಂದರೆ 190 ಅದರ ಮಿತಿಯ ಆಚೆ. ಹೊಸದರಲ್ಲಿ ಗೋಡೆಯ ವೋಲ್ಟೇಜ್ ಎಷ್ಟೇ ಇರಲಿ, ಒಳಗಿನ ಸರ್ಕಿಟ್ ಅದನ್ನು 380–400 ವೋಲ್ಟಿಗೆ ಏರಿಸಿ ಟ್ಯಾಂಕ್ ತುಂಬುತ್ತದೆ. ಖರ್ಚು ಬೋರ್ಡ್ ಬದಲಿಸೋದಕ್ಕಿಂತ ಎಷ್ಟೋ ಕಮ್ಮಿ.

ಇನ್ನೊಂದು ಕೆಲಸ ಇದಕ್ಕಿಂತ ಮುಖ್ಯ. ಮಾತಿನ ನಡುವೆ ಗೆಳೆಯ "ಕ್ಯಾಬಿನೆಟ್ ಮುಟ್ಟಿದ್ರ ಜುಂ ಅಂತೈತಿ" ಅಂದಿದ್ದ. ಎಸ್‌ಎಂಪಿಎಸ್‌ನ ಫಿಲ್ಟರ್ ಕೆಪಾಸಿಟರ್‌ಗಳು ಕ್ಯಾಬಿನೆಟ್ಟಿಗೆ ಜೋಡಿಸಿರುತ್ತವೆ. ಅರ್ಥಿಂಗ್ ಇಲ್ಲದಿದ್ದರೆ ಲೋಹದ ಮೈ ಮೇಲೆ ಸುಮಾರು ಅರ್ಧ ವೋಲ್ಟೇಜ್, ಅಂದರೆ 115ರಷ್ಟು ನಿಂತಿರುತ್ತದೆ. ಕರೆಂಟ್ ಬಹಳ ಸಣ್ಣದು, ಜುಂ ಅನ್ನುತ್ತೆ ಅಷ್ಟೇ. ಆದರೆ ನಾಳೆ ಒಳಗೆ ನಿಜವಾಗಿ ಫೇಸ್ ತಾಗಿದರೆ ಕಾಪಾಡೋಕೆ ಯಾರೂ ಇಲ್ಲ ಅಂತ ಅದರರ್ಥ. ಅವನ ಪ್ಲಗ್‌ಗೆ ಎರಡು ಪಿನ್ನಿನ ಅಡಾಪ್ಟರ್ ಹಾಕಿತ್ತು. ಅದನ್ನು ತೆಗೆಸಿ, ಎಲೆಕ್ಟ್ರಿಷಿಯನ್ ಕರೆಸಿ ಮೂರು ಪಿನ್ನಿನ ಸಾಕೆಟ್ಟಿಗೆ ಸರಿಯಾದ ಅರ್ಥಿಂಗ್ ಕೊಡಿಸಿದರು. ಅದೇ ಕಂಪ್ಯೂಟರಿನಲ್ಲಿ ಓಣಿಯ ಹುಡುಗರು ಬರಿಗಾಲಲ್ಲಿ ಬಂದು ಅರ್ಜಿ ತುಂಬಿಸಿಕೊಂಡು ಹೋಗ್ತಾರೆ.

ಹಾಗೇ ಒಂದು ಎಚ್ಚರಿಕೆ. ಇಷ್ಟೆಲ್ಲ ಓದಿದ ಹುರುಪಿನಲ್ಲಿ ಎಸ್‌ಎಂಪಿಎಸ್ ಡಬ್ಬಿ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಆ ಕೆಪಾಸಿಟರಿನಲ್ಲಿ 300 ವೋಲ್ಟಿನ ಮೇಲೆ ನಿಂತಿರಬಹುದು. ಹೊರಗಿನಿಂದ ಅಳೆಯೋದು ನಮ್ಮ ಕೆಲಸ, ಒಳಗಿನದು ಅದನ್ನೇ ಕಸುಬು ಮಾಡಿಕೊಂಡವರದ್ದು. ಅನುಮಾನ ಬಂದರೆ ಗೆಳೆಯರ ಹತ್ತಿರ ಒಂದು ಒಳ್ಳೇ ಎಸ್‌ಎಂಪಿಎಸ್ ಕಡ ತಂದು ಹಾಕಿ ನೋಡಿ. ಆದರೆ ಹಾಕಿ ನೋಡೋದು ದೋಷ ಬರುವ ಜಾಗದಲ್ಲೇ, ಬರುವ ಹೊತ್ತಿನಲ್ಲೇ. ಇಲ್ಲದಿದ್ದರೆ ನಮ್ಮ ಹಾಗೆ ಇಡೀ ರಾತ್ರಿ ಹಾಸ್ಟೆಲ್‌ನಲ್ಲಿ ಕಾದು ಕೂತು "ಎಲ್ಲ ಸರಿ ಐತಿ" ಅಂತ ವಾಪಸ್ ಕಳಿಸ್ತೀರಿ.

ಹೊಸ ಎಸ್‌ಎಂಪಿಎಸ್ ಹಾಕಿದ ಸಂಜೆ ಗೆಳೆಯ ಆರೂವರೆಗೇ ಸಿಮ್ಯುಲೇಶನ್ ಹಚ್ಚಿದ. ಸಾಕೆಟ್ 188 ತೋರಿಸ್ತಿತ್ತು. ಪಕ್ಕದ ಪಂಪ್ ಶುರುವಾದಾಗ ಮನೆಯ ಬಲ್ಬ್ ಒಂದ್ಸಲ ಮಂಕಾಯಿತು, ಪಿಸಿ ಅಲ್ಲಾಡಲಿಲ್ಲ. ರಾತ್ರಿ ಹನ್ನೆರಡೂವರೆಗೆ ಲೆಕ್ಕ ಮುಗಿಯಿತು. ಸಬ್‌ಮಿಶನ್‌ಗೆ ಮೂರು ದಿನ ಉಳಿದಿತ್ತು. ಈಗ ಅವನು ಅರ್ಧ ಗಂಟೆಗೊಮ್ಮೆ ಫಲಿತಾಂಶ ಸೇವ್ ಆಗುವ ಹಾಗೆ ಕೋಡ್ ಬರೆದಿದ್ದಾನೆ. ಕರೆಂಟ್ ಪೂರ್ತಿ ಹೋದರೆ ಯಾವ ಕೆಪಾಸಿಟರೂ ಕಾಯಲ್ಲ ಅನ್ನೋದು ಅವನಿಗೆ ನಮಗಿಂತ ಚೆನ್ನಾಗಿ ಗೊತ್ತು.